ಕರುಳಿನ ಕ್ಯಾನ್ಸರ್ ವಾಪಸ್ ಬರುತ್ತಾ ಅಂತ ರಕ್ತ ಹೇಳುತ್ತಾ? ಲ್ಯಾಬ್ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಲ್ಯಾಬ್ ಟೆಕ್ನೀಷಿಯನ್. ಡಾಕ್ಟರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತ ಕೊಡಲು ಬಂದವರು, ರಿಪೋರ್ಟ್ ಒಯ್ಯಲು ಬಂದ ಮಕ್ಕಳು, ರಾತ್ರಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಕೇಳುವ ನೆಂಟರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಅವರು ಕೇಳಿದ ಹಾಗೇ ಬರೆದಿದ್ದೇನೆ. ಔಷಧಿ, ಸ್ಕ್ಯಾನಿಂಗ್, ಆಪರೇಷನ್ ಬಗ್ಗೆ ತೀರ್ಮಾನ ಮಾತ್ರ ನಿಮ್ಮ ಡಾಕ್ಟರದ್ದೇ.

## ಮೊದಮೊದಲು ಕೇಳುವುದು

ಡಿಸ್ಚಾರ್ಜ್ ಚೀಟೀಲಿ ‘ಸಿಇಎ ಮೂರು ತಿಂಗಳಿಗೊಮ್ಮೆ’ ಅಂತ ಬರ್ದಿದಾರೆ. ಏನು ಮೇಡಂ ಅದು?

ಸಿಇಎ ಒಂದು ಪ್ರೋಟೀನು. ಕಾರ್ಸಿನೋಎಂಬ್ರಿಯಾನಿಕ್ ಆಂಟಿಜನ್ ಅನ್ನುವುದು ಪೂರ್ತಿ ಹೆಸರು, ನೆನಪಿಟ್ಟುಕೊಳ್ಳುವ ಅಗತ್ಯ ಇಲ್ಲ. ಮಗು ಹೊಟ್ಟೆಯಲ್ಲಿದ್ದಾಗ ಅದರ ಕರುಳಿನಲ್ಲಿ ಇದು ಜಾಸ್ತಿ ಇರುತ್ತದೆ, ಹುಟ್ಟಿದ ಮೇಲೆ ತೀರಾ ಕಡಿಮೆಯಾಗುತ್ತದೆ. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬಿಬ್ಬರು ದೊಡ್ಡ ಕರುಳಿನ ಗಡ್ಡೆಯಲ್ಲಿ ಇದನ್ನು ಪತ್ತೆ ಮಾಡಿದರು. ಇವತ್ತಿಗೂ ಕರುಳಿನ ಕ್ಯಾನ್ಸರ್ ಮರುಕಳಿಸಿದೆಯಾ ಅಂತ ನೋಡಲು ಹೆಚ್ಚು ಬಳಸುವ ರಕ್ತ ಪರೀಕ್ಷೆ ಇದೇ.

ಗಡ್ಡೆಯನ್ನು ಪೂರ್ತಿ ತೆಗೆದಿದ್ದರೆ ಕೆಲವು ವಾರಗಳಲ್ಲಿ ಸಿಇಎ ಇಳಿಯುತ್ತದೆ. ಅದಕ್ಕೇ ಆಪರೇಷನ್ ಆಗಿ ನಾಲ್ಕರಿಂದ ಆರು ವಾರಕ್ಕೆ ಒಂದು ಸಲ ನೋಡುತ್ತಾರೆ. ಅವತ್ತು ಬಂದ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಬುಡ.

ಖಾಲಿ ಹೊಟ್ಟೇಲಿ ಬರ್ಬೇಕಾ? ಸಕಲೇಶಪುರದಿಂದ ಬೆಳಿಗ್ಗೆ ಬಸ್ಸಲ್ಲಿ ಬರೋದು, ಅಪ್ಪಂಗೆ ಶುಗರ್ ಬೇರೆ ಇದೆ

ಬೇಡ. ಸಿಇಎಗೆ ಉಪವಾಸ ಇರಬೇಕಾಗಿಲ್ಲ. ರೊಟ್ಟಿ ತಿಂದು, ಕಾಫಿ ಕುಡಿದು, ಮಾತ್ರೆ ನುಂಗಿ ಬನ್ನಿ. ಜೊತೆಗೆ ಫಾಸ್ಟಿಂಗ್ ಶುಗರ್ ಬರೆದಿದ್ದರೆ ಮಾತ್ರ ಖಾಲಿ ಹೊಟ್ಟೆ.

ಕೂದಲು ಉದುರ್ತಿದೆ ಅಂತ ಬಯೋಟಿನ್ ಮಾತ್ರೆ ತಗೋತಿದೀನಿ. ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಇದೆ. ನಮ್ಮ ಕೆಲವು ಮೆಷಿನ್‌ಗಳು ಪರೀಕ್ಷೆ ಮಾಡುವ ವಿಧಾನದಲ್ಲೇ ಬಯೋಟಿನ್ ಬಳಸುತ್ತವೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಸಿಇಎ ನಿಜವಾಗಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಕೀಮೋ ಆದ ಮೇಲೆ ಕೂದಲಿಗೆ ಅಂತ ತುಂಬಾ ಜನ ಈ ಮಾತ್ರೆ ನುಂಗುತ್ತಾರೆ, ಯಾರೂ ಹೇಳುವುದಿಲ್ಲ. ಎರಡು ಮೂರು ದಿನ ಮೊದಲೇ ನಿಲ್ಲಿಸಿ ಬನ್ನಿ, ಕೌಂಟರಿನಲ್ಲೂ ಹೇಳಿ.

6.2 ಬಂದಿದೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’ ಅಂತ ಇದೆ. ವಾಪಸ್ ಬಂದ್ಬಿಡ್ತಾ?

ಒಂದೇ ರಿಪೋರ್ಟ್ ನೋಡಿ ಯಾರೂ ಹಾಗೆ ಹೇಳಲು ಆಗುವುದಿಲ್ಲ. ಸಾಮಾನ್ಯವಾಗಿ 5 ನ್ಯಾನೋಗ್ರಾಂ ದಾಟಿದರೆ ಕಂಪ್ಯೂಟರ್ ತಾನೇ ‘ಹೈ’ ಅಂತ ಹಾಕುತ್ತದೆ. ನಿಮ್ಮ ಅಪ್ಪನ ಆಪರೇಷನ್ ಬಗ್ಗೆ ಅದಕ್ಕೆ ಗೊತ್ತಿಲ್ಲ, ಬೀಡಿ ಬಗ್ಗೆ ಗೊತ್ತಿಲ್ಲ, ಹೋದ ವಾರದ ಜ್ವರದ ಬಗ್ಗೆಯೂ ಗೊತ್ತಿಲ್ಲ.

ಚಿಕ್ಕಮಗಳೂರಿನ ಕಡೆ ತೋಟದವರು ದಿನಾ ಮಳೆ ಅಳೆದು ಪುಸ್ತಕದಲ್ಲಿ ಇಂಚಿನ ಲೆಕ್ಕ ಬರೆದಿಡುತ್ತಾರಲ್ಲ, ಒಂದು ದಿನದ ಮಳೆ ನೋಡಿ ಈ ವರ್ಷ ಹೀಗೇ ಅಂತ ಯಾರಾದರೂ ಹೇಳುತ್ತಾರಾ? ಇದೂ ಹಾಗೇ. 1.8, 2.0, 1.9 ಅಂತ ಇದ್ದದ್ದು 3.4 ಆಗಿ, ಆಮೇಲೆ 4.7 ಆದರೆ ‘ನಾರ್ಮಲ್’ ಒಳಗೇ ಇದ್ದರೂ ಡಾಕ್ಟರಿಗೆ ತೋರಿಸಬೇಕು. ಎರಡು ವರ್ಷದಿಂದ 5.8, 6.1, 5.9, 6.2 ಅಂತಲೇ ಇದ್ದರೆ ಅದು ಅವರ ದೇಹದ ಲೆಕ್ಕವೇ ಇರಬಹುದು. ಏರಿದೆ ಅನ್ನಿಸಿದರೆ ಮೊದಲ ಕೆಲಸ ಮತ್ತೊಂದು ಸಲ ಅದೇ ಪರೀಕ್ಷೆ ಮಾಡಿಸುವುದು, ಸಾಮಾನ್ಯವಾಗಿ ಕೆಲವು ವಾರ ಬಿಟ್ಟು. ಎರಡನೆಯದೂ ಮೇಲೇ ಇದ್ದರೆ ಸ್ಕ್ಯಾನಿಂಗ್ ಮಾತು ಬರುತ್ತದೆ.

ನಾರ್ಮಲ್ ಬಂದಿದೆ! ಹಂಗಾದ್ರೆ ಸ್ಕ್ಯಾನು, ಆ ಪೈಪ್ ಹಾಕೋ ಟೆಸ್ಟು ಬೇಡ ತಾನೆ?

ಬೇಕು. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ.

ಕ್ಯಾನ್ಸರ್ ಮರುಕಳಿಸಿದ ಎಲ್ಲರಲ್ಲೂ ಸಿಇಎ ಏರುವುದಿಲ್ಲ. ಬಹಳಷ್ಟು ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಕಾಕ್ರೇನ್ ತಂಡ ಲೆಕ್ಕ ಹಾಕಿತು. ಗಡಿ 5 ಅಂತ ಇಟ್ಟುಕೊಂಡರೆ, ಮರುಕಳಿಸಿದ 100 ಜನರಲ್ಲಿ 71 ಜನ ಮಾತ್ರ ಸಿಕ್ಕಿದರು. ಉಳಿದ 29 ಜನರ ರಿಪೋರ್ಟ್ ‘ನಾರ್ಮಲ್’ ಅಂತಲೇ ಇತ್ತು. ಹಾಗಾಗಿ ಸಿಟಿ ಸ್ಕ್ಯಾನ್ ಬೇರೆ, ಕೊಲೊನೋಸ್ಕೋಪಿ ಬೇರೆ, ಇದು ಬೇರೆ. ಕೊಲೊನೋಸ್ಕೋಪಿಯಲ್ಲಿ ಹಳೇ ಗಡ್ಡೆಯ ಜಾಗದ ಜೊತೆಗೆ ಹೊಸ ಪಾಲಿಪ್‌ಗಳನ್ನೂ (ಕರುಳಿನ ಒಳಗೋಡೆಯಲ್ಲಿ ಏಳುವ ಸಣ್ಣ ಗಂಟುಗಳು) ಹುಡುಕುತ್ತಾರೆ, ಅವು ರಕ್ತದಲ್ಲಿ ಗೊತ್ತೇ ಆಗುವುದಿಲ್ಲ.

## ನಂಬರು ಏರೋದು, ಇಳಿಯೋದು

ಬೀಡಿ ಸೇದಿದ್ರೆ ಸಿಇಎ ಜಾಸ್ತಿ ಆಗುತ್ತಂತೆ, ಹೌದಾ? ಅಥವಾ ಬಿಡಿಸೋಕೆ ಹೇಳ್ತಾರಾ?

ಹೌದು, ನಿಜ. ಸೇದುವವರಲ್ಲಿ ಯಾವ ಕ್ಯಾನ್ಸರೂ ಇಲ್ಲದೆ ಸಿಇಎ ಸ್ವಲ್ಪ ಮೇಲಿರುತ್ತದೆ. ಕೆಲವು ಲ್ಯಾಬ್ ರಿಪೋರ್ಟಿನಲ್ಲಿ ಸೇದುವವರಿಗೊಂದು, ಸೇದದವರಿಗೊಂದು ಗಡಿ ಕೊಟ್ಟಿರುತ್ತಾರೆ, ಗಮನಿಸಿ. ಬೀಡಿ ಒಂದೇ ಕಾರಣ ಅಲ್ಲ. ಲಿವರ್ ತೊಂದರೆ, ಕುಡಿತದಿಂದ ಹಾಳಾದ ಲಿವರ್, ಪ್ಯಾಂಕ್ರಿಯಾಸ್ ಊತ, ಕರುಳಿನ ಹಳೇ ಉರಿಯೂತ, ಶ್ವಾಸಕೋಶದ ಸೋಂಕು, ಥೈರಾಯ್ಡ್ ಕಡಿಮೆ ಇರುವುದು, ಇವೆಲ್ಲದರಲ್ಲೂ ಏರಬಹುದು. ಇಂಥ ಏರಿಕೆ ಹೆಚ್ಚಾಗಿ 10ರ ಒಳಗೇ ಓಡಾಡುತ್ತದೆ.

ರಕ್ತ ತೆಗೆಯುವಾಗ ಅಪ್ಪ ‘ಬಿಟ್ಟು ಬಹಳ ದಿನ ಆಯ್ತು’ ಅನ್ನುತ್ತಾರೆ, ಹಿಂದೆ ನಿಂತ ಅಮ್ಮ ತಲೆ ಅಲ್ಲಾಡಿಸುತ್ತಾರೆ. ದಯವಿಟ್ಟು ಡಾಕ್ಟರ ಹತ್ತಿರವಾದರೂ ನಿಜ ಹೇಳಿ. ಇಲ್ಲದ ರೋಗಕ್ಕೆ ಪೆಟ್ ಸ್ಕ್ಯಾನ್ ಮಾಡಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವುದು ಯಾಕೆ?

ಹೋದ ಸಲ ಬೆಂಗಳೂರಲ್ಲಿ 2.9, ಈ ಸಲ ಹಾಸನದಲ್ಲಿ 4.1. ನಿಮ್ ಲ್ಯಾಬ್ ಸರಿ ಇಲ್ವಾ?

ಎರಡೂ ಸರಿ ಇರಬಹುದು. ಬೇರೆ ಬೇರೆ ಕಂಪನಿಯ ಮೆಷಿನ್, ಬೇರೆ ಬೇರೆ ಕಿಟ್. ಒಂದೇ ರಕ್ತವನ್ನು ಎರಡು ಕಡೆ ಕೊಟ್ಟರೂ ನಂಬರು ಹೊಂದುವುದಿಲ್ಲ. ಅದಕ್ಕೇ ಒಂದು ಲ್ಯಾಬ್ ಹಿಡಿದರೆ ಅಲ್ಲೇ ಇರಿ ಅನ್ನುವುದು. ಬೆಂಗಳೂರಿನಲ್ಲಿ ಚಿಕಿತ್ಸೆ, ಇಲ್ಲಿ ರಕ್ತ ಪರೀಕ್ಷೆ ಅಂತಾದರೆ ಇಲ್ಲಿ ಮಾಡಿಸುವ ಮೊದಲನೆಯದನ್ನು ಹೊಸ ಲೆಕ್ಕ ಅಂತಲೇ ಇಟ್ಟುಕೊಳ್ಳಬೇಕು.

ಇನ್ನೊಂದು ಒಳಗಿನ ಮಾತು. ಊರಿನ ಎಷ್ಟೋ ಸಣ್ಣ ಲ್ಯಾಬ್‌ಗಳು ಸಿಇಎಯನ್ನು ಸ್ವತಃ ಮಾಡುವುದಿಲ್ಲ. ರಕ್ತ ತೆಗೆದು, ಸೀರಂ ಬೇರೆ ಮಾಡಿ, ತಣ್ಣಗಿನ ಡಬ್ಬಿಯಲ್ಲಿ ದೊಡ್ಡ ಲ್ಯಾಬ್‌ಗೆ ಕಳಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಎಲ್ಲಿಗೆ ಕಳಿಸ್ತೀರಿ, ಯಾವ ಮೆಷಿನ್’ ಅಂತ ಕೇಳಿ ಫೈಲಿನ ಮೇಲೆ ಬರೆದುಕೊಳ್ಳಿ. ಬೋರ್ಡ್ ಅದೇ ಇದ್ದು ಒಳಗೆ ಕಳಿಸುವ ಜಾಗ ಬದಲಾಗಿರುವುದೂ ಉಂಟು.

ಕೀಮೋ ನಡೀತಾ ಇರೋವಾಗ್ಲೇ ಏರಿದೆ. ಕೀಮೋ ಕೆಲಸ ಮಾಡ್ತಿಲ್ವಾ?

ಗಾಬರಿ ಬೇಡ, ಡಾಕ್ಟರನ್ನು ಕೇಳಿ. ಆಕ್ಸಾಲಿಪ್ಲಾಟಿನ್, 5-ಎಫ್‌ಯು ತರಹದ ಔಷಧಿ ಲಿವರ್ ಮೇಲೆ ಕೆಲಸ ಮಾಡುತ್ತವೆ. ಸಿಇಎಯನ್ನು ರಕ್ತದಿಂದ ತೆಗೆಯುವುದೂ ಲಿವರೇ. ಹಾಗಾಗಿ ಕೀಮೋ ಸಮಯದಲ್ಲಿ ತಾತ್ಕಾಲಿಕವಾಗಿ ಏರಿ, ಮುಗಿದ ಮೇಲೆ ತಾನಾಗೇ ಇಳಿಯುವುದು ಇದೆ.

ಆಪರೇಷನ್‌ಗೆ ಮುಂಚೆನೇ ನಾರ್ಮಲ್ ಇತ್ತು. ನಮಗೆ ಈ ಟೆಸ್ಟ್ ದಂಡ ಅಲ್ವಾ?

ಪೂರ್ತಿ ದಂಡ ಅಲ್ಲ. ಮೊದಲು ನಾರ್ಮಲ್ ಇದ್ದವರಲ್ಲೂ ಮರುಕಳಿಸಿದಾಗ ಸಿಇಎ ಏರುವವರು ಸಾಕಷ್ಟು ಜನ ಇದ್ದಾರೆ. ಮುಖ್ಯವಾಗಿ ಲಿವರ್‌ಗೆ ಹರಡಿದಾಗ. ಆದರೆ ನಿಮ್ಮಂಥವರು ಸ್ಕ್ಯಾನಿಂಗ್ ಮೇಲೆ ಜಾಸ್ತಿ ಭರವಸೆ ಇಡಬೇಕು, ನಾರ್ಮಲ್ ರಿಪೋರ್ಟ್ ನೋಡಿ ನಿರಾಳ ಆಗಬಾರದು.

ಪ್ಯಾಕೇಜಲ್ಲಿ ಸಿಎ 19-9, ಇನ್ನೂ ಏನೇನೋ ಸೇರಿಸಿ ಕೊಡ್ತಾರಂತೆ. ಎಲ್ಲಾ ಮಾಡ್ಸಿಬಿಡೋದಾ?

ಡಾಕ್ಟರ್ ಬರೆಯದೆ ಬೇಡ. ಕರುಳಿನ ಕ್ಯಾನ್ಸರಿನ ಫಾಲೋಅಪ್‌ಗೆ ಸಿಎ 19-9 (ಸಿಇಎ ತರಹ ರಕ್ತದಲ್ಲಿ ಅಳೆಯುವ ಇನ್ನೊಂದು ವಸ್ತು) ಅನ್ನು ಮಾರ್ಗಸೂಚಿಗಳು ಸಲಹೆ ಮಾಡುವುದಿಲ್ಲ. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಅದು ತಯಾರಾಗುವುದಿಲ್ಲ, ಏನೇ ಆದರೂ ಸೊನ್ನೆಯ ಹತ್ತಿರವೇ ಇರುತ್ತದೆ. ಹತ್ತು ನಂಬರು ಮಾಡಿಸಿದರೆ ಸುಮ್ಮಸುಮ್ಮನೆ ಒಂದು ಗಡಿ ದಾಟಿರಬಹುದು, ಆಮೇಲೆ ಅದರ ಹಿಂದೆ ಅಲೆಯಬೇಕು. ಲ್ಯಾಬಿನವಳಾಗಿ ನಾನೇ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ.

## ಎಷ್ಟು ದಿನ, ಎಷ್ಟು ದುಡ್ಡು, ಯಾರಿಗೆ ಹೇಳೋದು

ಎಷ್ಟು ವರ್ಷ ಹಿಂಗೆ ರಕ್ತ ಕೊಡ್ತಾ ಇರೋದು? ಕೊಯ್ಲಿನ ಟೈಮಲ್ಲಿ ಒಂದ್ಸಲ ಬಿಟ್ರೆ ನಡಿಯುತ್ತಾ?

ಸಾಮಾನ್ಯ ಪದ್ಧತಿ ಐದು ವರ್ಷ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಮರುಕಳಿಸುವುದಿದ್ದರೆ ಹೆಚ್ಚಿನವು ಮೊದಲ ಎರಡು ಮೂರು ವರ್ಷದಲ್ಲೇ ಕಾಣಿಸುತ್ತವೆ, ಐದು ವರ್ಷ ದಾಟಿದ ಮೇಲೆ ಬಹಳ ಅಪರೂಪ. ಸಿಟಿ ಸ್ಕ್ಯಾನ್ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಕೊಲೊನೋಸ್ಕೋಪಿ ಒಂದು ವರ್ಷಕ್ಕೆ, ಅದು ಚೆನ್ನಾಗಿದ್ದರೆ ಮತ್ತೆ ಮೂರು ವರ್ಷಕ್ಕೆ, ಆಮೇಲೆ ಐದು ವರ್ಷಕ್ಕೊಮ್ಮೆ. ನಿಮ್ಮ ಸ್ಟೇಜ್ ನೋಡಿ ಡಾಕ್ಟರ್ ಹೆಚ್ಚುಕಡಿಮೆ ಮಾಡಬಹುದು.

ಇನ್ನು ಕೊಯ್ಲು. ಅರೇಬಿಕಾ ನವೆಂಬರಿನಿಂದ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಆಳು ಸಿಗುವುದಿಲ್ಲ, ಮನೆಯವರೇ ಕಣದಲ್ಲಿ ನಿಂತಿರುತ್ತಾರೆ, ಗೊತ್ತು. ಎರಡು ವಾರ ಹಿಂದೆ ಮುಂದೆ ಆದರೆ ಏನೂ ಆಗುವುದಿಲ್ಲ. ತೊಂದರೆ ಆಗುವುದು ಎಲ್ಲಿ ಅಂದರೆ, ನವೆಂಬರಿನದು ಬಿಟ್ಟು ‘ಹೇಗೂ ಫೆಬ್ರವರಿಯಲ್ಲಿ ಇದೆಯಲ್ಲ’ ಅಂತಾರೆ, ಫೆಬ್ರವರಿಯದು ಮಾರ್ಚಿಗೆ ಹೋಗುತ್ತದೆ, ಮಾರ್ಚಿನಲ್ಲಿ ಹೂಮಳೆಗೆ ಕಾಯುತ್ತಾ ಸ್ಪ್ರಿಂಕ್ಲರ್ ಹಿಂದೆ ಓಡಾಡುತ್ತಾರೆ, ಕೊನೆಗೆ ಮಳೆಗಾಲ ಬಂದು ಘಾಟಿ ರಸ್ತೆ ಕೆಟ್ಟಿದೆ ಅಂತ ಮನೆಯಲ್ಲೇ ಉಳಿಯುತ್ತಾರೆ, ನೋಡಿದರೆ ಹತ್ತು ತಿಂಗಳು ಕಳೆದಿರುತ್ತದೆ. ಕೊಯ್ಲಿಗೆ ಮುಂಚೆ, ಅಕ್ಟೋಬರಿನ ಕೊನೆಯಲ್ಲೇ ಒಂದು ಮಾಡಿಸಿಬಿಡಿ.

ದುಡ್ಡು ಎಷ್ಟಾಗುತ್ತೆ? ಆಯುಷ್ಮಾನ್ ಕಾರ್ಡಲ್ಲಿ ಬರಲ್ವಾ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ಗೆ ಪ್ಯಾಕೇಜ್ ದರದ 30 ಪರ್ಸೆಂಟ್. ಆಪರೇಷನ್, ಕೀಮೋ, ರೇಡಿಯೇಷನ್ ಅದರಲ್ಲಿ ಆಗುತ್ತವೆ. ಹೊರಗೆ ಖಾಸಗಿ ಲ್ಯಾಬಿನಲ್ಲಿ ಮಾಡಿಸುವ ಸಿಇಎ ಮಾತ್ರ ಕೈಯಿಂದಲೇ. ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಗೇ ಫಾಲೋಅಪ್‌ಗೆ ಹೋಗುವವರು, ಕಿದ್ವಾಯಿಗೆ ಹೋಗುವವರೂ ಸೇರಿ, ಅಲ್ಲೇ ರಕ್ತ ಕೊಡುವುದು ಒಳ್ಳೆಯದು. ಖರ್ಚೂ ಕಡಿಮೆ, ಹಳೇ ನಂಬರಿನ ಜೊತೆ ಹೋಲಿಸುವುದೂ ಸುಲಭ.

ಅಮ್ಮಂಗೆ ಕ್ಯಾನ್ಸರ್ ಅಂತ್ಲೇ ಹೇಳಿಲ್ಲ. ರಿಪೋರ್ಟ್ ಅವರ ಕೈಗೆ ಕೊಡ್ಬೇಡಿ ಅಕ್ಕ

ವಾರಕ್ಕೊಬ್ಬರಾದರೂ ಈ ಮಾತು ಹೇಳುತ್ತಾರೆ. ನಿಮ್ಮ ಮನೆಯ ವಿಷಯ, ನಾನು ಮಧ್ಯೆ ಬರುವುದಿಲ್ಲ. ಆದರೂ ಒಂದು ಮಾತು. ಹೊಟ್ಟೆ ಕೊಯ್ದಿದ್ದಾರೆ, ಕೆಲವರಿಗೆ ಚೀಲ ಹಾಕಿದ್ದಾರೆ, ಮೂರು ತಿಂಗಳಿಗೊಮ್ಮೆ ರಕ್ತ ತೆಗೆಯುತ್ತಾರೆ. ಅಮ್ಮನಿಗೆ ಏನೂ ಗೊತ್ತಿಲ್ಲ ಅಂದುಕೊಂಡಿರುವುದು ನೀವು ಮಾತ್ರ. ನೀವು ಆಚೆ ಹೋದಾಗ ಅವರೇ ನನ್ನನ್ನು ‘ಇದು ಕೆಟ್ಟ ಗಡ್ಡೇದಾ ಮಗಾ?’ ಅಂತ ಕೇಳಿದ್ದೂ ಇದೆ.

ಹೇಳದೆ ಇದ್ದರೆ ಕೆಲಸವೂ ಕೆಡುತ್ತದೆ. ಮಲದಲ್ಲಿ ರಕ್ತ, ತೂಕ ಇಳಿಯುವುದು, ಬಿಡದ ಹೊಟ್ಟೆನೋವು, ಕೆಮ್ಮು, ಇವನ್ನು ಅವರು ಮುಂದಿನ ಟೆಸ್ಟಿನವರೆಗೆ ಕಾಯದೆ ಹೇಳಬೇಕು. ವಿಷಯವೇ ಗೊತ್ತಿಲ್ಲದವರು ಯಾಕೆ ಹೇಳುತ್ತಾರೆ?

ಯಾವುದಾದ್ರೂ ಕಷಾಯ, ಪಥ್ಯದಿಂದ ನಂಬರ್ ಇಳಿಸ್ಬಹುದಾ?

ನಂಬರು ಇಳಿಸುವುದು ಗುರಿಯೇ ಅಲ್ಲ. ಲಿವರ್‌ಗೆ ಹೊರೆಯಾಗುವ ನಾಟಿ ಔಷಧಿಯಿಂದ ಅದು ಏರಲೂಬಹುದು. ಏನೇ ತೆಗೆದುಕೊಂಡರೂ ಡಾಕ್ಟರಿಗೆ ಹೇಳಿ.

ನಡಿಗೆ ಮಾತ್ರ ಬೇರೆ ಮಾತು. 2025ರಲ್ಲಿ ಚಾಲೆಂಜ್ ಎಂಬ ಅಧ್ಯಯನ ಹೊರಬಂತು. ಆಪರೇಷನ್ ಮತ್ತು ಕೀಮೋ ಮುಗಿಸಿದ 889 ಕರುಳಿನ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಮೂರು ವರ್ಷ ಒಬ್ಬರ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷದ ನಂತರ ರೋಗವಿಲ್ಲದೆ ಇದ್ದವರು ಸುಮಾರು 80 ಪರ್ಸೆಂಟ್. ಬರೀ ಪುಸ್ತಕ ಕೊಟ್ಟು ಕಳಿಸಿದವರಲ್ಲಿ 74. ಹೆಚ್ಚಿನವರು ಮಾಡಿದ್ದು ಚುರುಕಾದ ನಡಿಗೆ, ಅಷ್ಟೇ. ಹಾಸನದ ಮಹಾರಾಜ ಪಾರ್ಕ್ ಇದೆ, ಚಿಕ್ಕಮಗಳೂರಿನಲ್ಲಿ ರತ್ನಗಿರಿ ಬೋರೆ ಇದೆ, ಟಿಕೆಟ್ಟಿಗೆ ಲಕ್ಷ ಕೇಳುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಅಷ್ಟು ಒಳ್ಳೇ ಟೆಸ್ಟ್ ಆದ್ರೆ ಸುಳ್ಳು ಅಲಾರಂ ಯಾಕೆ ಇಷ್ಟೊಂದು?

ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಸುತ್ತಿನಲ್ಲಿ 1000 ಜನ ಸಿಇಎ ಮಾಡಿಸಿದರು, ಅವರಲ್ಲಿ ಆ ಹೊತ್ತಿಗೆ 20 ಜನರಿಗೆ ನಿಜವಾಗಿ ಮರುಕಳಿಸಿದೆ ಅಂದುಕೊಳ್ಳಿ. ಆಗಲೇ ಹೇಳಿದ 71 ಪರ್ಸೆಂಟ್ ಪ್ರಕಾರ 14 ಜನ ಸಿಗುತ್ತಾರೆ. ಉಳಿದ 980 ಜನರಲ್ಲಿ ಏನೂ ಇರದೆಯೂ 12 ಪರ್ಸೆಂಟ್‌ಗೆ 5 ದಾಟುತ್ತದೆ, ಅಂದರೆ ಸುಮಾರು 118 ಜನ. ‘ಹೈ’ ಬಂದ 132 ಜನರಲ್ಲಿ ನಿಜವಾದವರು 14!

ಗಡಿಯನ್ನು 10ಕ್ಕೆ ಏರಿಸಿದರೆ ಸುಳ್ಳು ಅಲಾರಂ 12ರಿಂದ 3 ಪರ್ಸೆಂಟ್‌ಗೆ ಇಳಿಯುತ್ತದೆ, ಸಿಗುವವರು 71ರಿಂದ 68ಕ್ಕೆ ಮಾತ್ರ ಇಳಿಯುತ್ತಾರೆ. ಹಾಗಾಗಿ 5.5 ನೋಡಿ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ, 14 ಬಂದರೆ ಜಾತ್ರೆ ಮುಗಿಯಲಿ ಅಂತ ಕಾಯಬೇಡಿ.

ಏರ್ತಾನೇ ಇದೆ, ಆದ್ರೆ ಸ್ಕ್ಯಾನಲ್ಲಿ ಏನೂ ಕಾಣ್ತಿಲ್ಲ. ಈಗ ಏನು?

ಎಲ್ಲಕ್ಕಿಂತ ಕಷ್ಟದ ಹೊತ್ತು ಇದು. ರಕ್ತದಲ್ಲಿ ಮೊದಲು ಗೊತ್ತಾಗಿ, ಸ್ಕ್ಯಾನಿನಲ್ಲಿ ಕಾಣಲು ತಿಂಗಳುಗಳೇ ಹಿಡಿಯಬಹುದು. ಡಾಕ್ಟರು ಸಾಮಾನ್ಯವಾಗಿ ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸಿಟಿ, ಬೇಕಾದರೆ ಪೆಟ್ ಸಿಟಿ ಅಥವಾ ಲಿವರ್ ಎಂಆರ್‌ಐ, ಮಾಡಿಸಿಲ್ಲದಿದ್ದರೆ ಕೊಲೊನೋಸ್ಕೋಪಿ ಮಾಡಿಸುತ್ತಾರೆ. ಏನೂ ಸಿಗದಿದ್ದರೆ ಸ್ವಲ್ಪ ದಿನ ಬಿಟ್ಟು ಮತ್ತೆ. ಬರೀ ನಂಬರು ನೋಡಿ ಕೀಮೋ ಶುರು ಮಾಡುವುದು ವಾಡಿಕೆ ಅಲ್ಲ. ಸುಮ್ಮನೆ ಕಾಯಿಸುತ್ತಿದ್ದಾರೆ ಅನ್ನಿಸುತ್ತದೆ, ಸಿಟ್ಟೂ ಬರುತ್ತದೆ, ಆದರೆ ಮುಂದಿನ ಪರೀಕ್ಷೆಯ ತಾರೀಕು ಬರೆಸಿಕೊಂಡೇ ಹೊರಗೆ ಬನ್ನಿ.

ಅಪರೂಪಕ್ಕೆ ರಕ್ತದಲ್ಲಿರುವ ಬೇರೆ ಆಂಟಿಬಾಡಿಗಳು ಮೆಷಿನ್ನನ್ನೇ ಮೋಸ ಮಾಡುತ್ತವೆ. ಯಾವುದಕ್ಕೂ ಹೊಂದದ ನಂಬರು ಬಂದರೆ ಬೇರೆ ಕಂಪನಿಯ ಮೆಷಿನ್ನಿನಲ್ಲಿ ಒಮ್ಮೆ ಮಾಡಿಸಿ ನೋಡುತ್ತಾರೆ. ಒಂದೇ ಲ್ಯಾಬ್ ಅನ್ನುವ ನಿಯಮಕ್ಕೆ ಇದೊಂದೇ ರಿಯಾಯಿತಿ.

ಬೇಗ ಗೊತ್ತಾದ್ರೆ ಜೀವ ಉಳಿಯುತ್ತಾ? ನೇರವಾಗಿ ಹೇಳಿ

ನೇರವಾಗಿ ಹೇಳುತ್ತೇನೆ: ಕೆಲವರಿಗೆ ಹೌದು, ಎಲ್ಲರಿಗೂ ಅಲ್ಲ. ಲಿವರಿನಲ್ಲೋ ಶ್ವಾಸಕೋಶದಲ್ಲೋ ಒಂದೆರಡು ಗಡ್ಡೆ ಇರುವಾಗಲೇ ಸಿಕ್ಕರೆ ತೆಗೆದುಹಾಕಬಹುದು. ಲಿವರಿನ ಗಡ್ಡೆ ಪೂರ್ತಿ ತೆಗೆಯಲು ಸಾಧ್ಯವಾದ ಕೆಲವರು ಮತ್ತೆ ರೋಗ ಬರದೆ ವರ್ಷಗಟ್ಟಲೆ ಬದುಕುತ್ತಾರೆ.

ಇಂಗ್ಲೆಂಡಿನ ಫ್ಯಾಕ್ಸ್ ಅಧ್ಯಯನ 2014ರಲ್ಲಿ 1202 ಜನರ ಫಲಿತಾಂಶ ಪ್ರಕಟಿಸಿತು. ತೀರಾ ಕಡಿಮೆ ಫಾಲೋಅಪ್ ಇದ್ದವರಲ್ಲಿ 2.3 ಪರ್ಸೆಂಟ್ ಜನರಿಗೆ ಮಾತ್ರ ಗುಣಪಡಿಸುವ ಉದ್ದೇಶದ ಎರಡನೇ ಆಪರೇಷನ್ ಸಾಧ್ಯವಾಯಿತು. ನಿಯಮಿತ ಸಿಇಎ ಮಾಡಿಸಿದವರಲ್ಲಿ ಅದು 6.7, ಸಿಟಿ ಮಾಡಿಸಿದವರಲ್ಲಿ 8. ಆದರೆ ಒಟ್ಟು ಸಾವಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಬಂದ ಕೊಲೊಫಾಲ್ ಎಂಬ ಇನ್ನೂ ದೊಡ್ಡ ಅಧ್ಯಯನವೂ ಜಾಸ್ತಿ ಸಲ ಪರೀಕ್ಷೆ ಮಾಡಿದ ಮಾತ್ರಕ್ಕೆ ಆಯಸ್ಸು ಹೆಚ್ಚಲಿಲ್ಲ ಅಂತ ಹೇಳಿತು. ಹಾಗಾಗಿ ತಿಂಗಳಿಗೊಂದು ಸಲ ಮಾಡಿಸಿದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ ತಪ್ಪು. ಹಾಗೇ, ಇನ್ನೊಂದು ಆಪರೇಷನ್ ತಡೆದುಕೊಳ್ಳಲಾಗದ ಹಿರಿಯರಿಗೆ ಈ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಮಗ ಫಾರಿನ್ನಲ್ಲಿದಾನೆ, ‘ಸಿಟಿಡಿಎನ್ಎ ಮಾಡ್ಸಿ, ಸಿಇಎ ಹಳೇ ಕಾಲದ್ದು’ ಅಂತಾನೆ

ಮಗ ಹೇಳಿದ್ದರಲ್ಲಿ ಅರ್ಧ ನಿಜ. ಕ್ಯಾನ್ಸರ್ ಕಣಗಳು ಸಾಯುವಾಗ ಅವುಗಳ ಡಿಎನ್ಎ ಚೂರುಗಳು ರಕ್ತಕ್ಕೆ ಸೇರುತ್ತವೆ. ಅವನ್ನು ಹುಡುಕುವ ಪರೀಕ್ಷೆ ಇದು. ಒಂದು ಬಗೆಯಲ್ಲಿ, ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯನ್ನೇ ಓದಿ, ಅದರಲ್ಲಿರುವ ಬದಲಾವಣೆಗಳನ್ನು ರಕ್ತದಲ್ಲಿ ಹುಡುಕುತ್ತಾರೆ. ಈ ಚೂರುಗಳು ರಕ್ತದಲ್ಲಿ ಕೆಲವೇ ಗಂಟೆ ಇರುತ್ತವೆ, ಹಾಗಾಗಿ ಸಿಕ್ಕರೆ ಅದು ಈಗಿನ ಸುದ್ದಿ. ಜಪಾನಿನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದಾಗ, ಆಪರೇಷನ್ ಆಗಿ ನಾಲ್ಕು ವಾರಕ್ಕೆ ಪಾಸಿಟಿವ್ ಬಂದವರಲ್ಲಿ ಮರುಕಳಿಸುವ ಅಪಾಯ ಸುಮಾರು ಹತ್ತು ಪಟ್ಟು ಇತ್ತು. ಸಿಇಎಗೆ ಆ ಶಕ್ತಿ ಇಲ್ಲ.

ಆದರೆ ಇದೂ ತಪ್ಪು ಮಾಡುತ್ತದೆ. ಶ್ವಾಸಕೋಶಕ್ಕೆ ಅಥವಾ ಹೊಟ್ಟೆಯ ಒಳಪೊರೆಗೆ ಹರಡಿದಾಗ ತಪ್ಪಿಸಿಕೊಳ್ಳುವುದು ಜಾಸ್ತಿ. ಖರ್ಚು ಹತ್ತಾರು ಸಾವಿರ ದಾಟುತ್ತದೆ, ಅದೂ ಒಂದು ಸಲಕ್ಕೆ.

ಅದರಲ್ಲಿ ಪಾಸಿಟಿವ್ ಬಂದ್ರೆ ಕೂಡಲೇ ಕೀಮೋ ಕೊಟ್ಟು ತಡೀಬಹುದಲ್ಲ?

ಎಲ್ಲರೂ ಹಾಗೇ ಆಸೆಪಟ್ಟಿದ್ದರು. ಆಸ್ಟ್ರೇಲಿಯಾದ ಡೈನಮಿಕ್ ಅಧ್ಯಯನದಲ್ಲಿ, 2022ರಲ್ಲಿ, ಎರಡನೇ ಹಂತದ 455 ರೋಗಿಗಳಿಗೆ ಈ ಪರೀಕ್ಷೆ ಬೇರೆ ಕಡೆಯಿಂದ ನೆರವಾಯಿತು. ಪರೀಕ್ಷೆ ನೋಡಿ ನಿರ್ಧಾರ ಮಾಡಿದ ಗುಂಪಿನಲ್ಲಿ 15 ಪರ್ಸೆಂಟ್ ಜನ ಮಾತ್ರ ಕೀಮೋ ಪಡೆದರು, ಈ ಪರೀಕ್ಷೆ ಇಲ್ಲದೆ ಎಂದಿನಂತೆ ನಿರ್ಧಾರ ಮಾಡಿದ ಇನ್ನೊಂದು ಗುಂಪಿನಲ್ಲಿ 28. ಎರಡು ವರ್ಷದ ಫಲಿತಾಂಶ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ ಬೇಡದವರಿಗೆ ಕೀಮೋ ತಪ್ಪಿತು. ಅದೇ ತಂಡ ಮೂರನೇ ಹಂತದವರಲ್ಲಿ ಪಾಸಿಟಿವ್ ಬಂದವರಿಗೆ ಇನ್ನೂ ಜೋರಾದ ಕೀಮೋ ಕೊಟ್ಟು ನೋಡಿತು. 2025ರ ಫಲಿತಾಂಶದಲ್ಲಿ ಅದರಿಂದ ಮರುಕಳಿಸುವುದು ಕಡಿಮೆಯಾಗಲಿಲ್ಲ. ಮೊದಲೇ ಗೊತ್ತಾಗುವುದು ಬೇರೆ, ಗೊತ್ತಾದದ್ದಕ್ಕೆ ಕೈಯಲ್ಲಿ ಔಷಧಿ ಇರುವುದು ಬೇರೆ. ಜಮೀನು ಅಡ ಇಟ್ಟು ಈ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿದರೆ, ಈಗ ಬೇಡ ಅನ್ನುತ್ತೇನೆ. ಆ ದುಡ್ಡಿನಲ್ಲಿ ಸಿಟಿ ಮತ್ತು ಕೊಲೊನೋಸ್ಕೋಪಿ ತಪ್ಪಿಸದೆ ಮಾಡಿಸಿ.

ಅಪ್ಪಂಗೆ 48ಕ್ಕೆ ಬಂತು. ನಂಗೂ ಒಂದು ಸಿಇಎ ಮಾಡಿ ನೋಡಿ ಮೇಡಂ, ರಕ್ತ ತಗೋಳಿ

ನಿಮ್ಮ ತೋಳು ಒಳಗೆ ಇಟ್ಟುಕೊಳ್ಳಿ. ರೋಗ ಇಲ್ಲದವರಲ್ಲಿ ಮೊದಲ ಸಲ ಹುಡುಕಲು ಸಿಇಎ ಕೆಲಸಕ್ಕೆ ಬರುವುದಿಲ್ಲ. ಶುರುವಿನ ಗಡ್ಡೆಗಳಲ್ಲಿ ಅದು ಹೆಚ್ಚಾಗಿ ನಾರ್ಮಲ್ಲೇ ಇರುತ್ತದೆ, ಪಾಲಿಪ್ ಅಂತೂ ತಿಳಿಯುವುದೇ ಇಲ್ಲ. ನಿಮಗೆ ಬೇಕಾದದ್ದು ಕೊಲೊನೋಸ್ಕೋಪಿ. ಸಾಮಾನ್ಯ ಸಲಹೆ ಅಂದರೆ 40 ವರ್ಷಕ್ಕೆ, ಅಥವಾ ಅಪ್ಪನಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಅದು. ನಿಮ್ಮ ಲೆಕ್ಕದಲ್ಲಿ 38. ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಅದೇ. ಮನೆಯಲ್ಲಿ ಇನ್ನೂ ಇಬ್ಬರು ಮೂವರಿಗೆ ಕರುಳು ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿದ್ದರೆ, ಅಪ್ಪನ ಗಡ್ಡೆಗೆ ಎಂಎಂಆರ್ ಪರೀಕ್ಷೆ (ವಂಶದಲ್ಲಿ ಬರುವ ಬಗೆಯ ಕ್ಯಾನ್ಸರಾ ಅಂತ ಸುಳಿವು ಕೊಡುವಂಥದ್ದು) ಆಗಿದೆಯಾ ಅಂತ ಬಯಾಪ್ಸಿ ರಿಪೋರ್ಟಿನಲ್ಲಿ ನೋಡಿ. ಆಗಿಲ್ಲದಿದ್ದರೆ ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿ. ಗಡ್ಡೆಯ ತುಂಡನ್ನು ಮೇಣದ ಬ್ಲಾಕ್ ಮಾಡಿ ಆಸ್ಪತ್ರೆಯಲ್ಲಿ ಇಟ್ಟಿರುತ್ತಾರೆ, ಅದರಿಂದಲೇ ಆ ಪರೀಕ್ಷೆ ಮಾಡಿಸಬಹುದು.